ಉಲ್ಲೇಖ ಎಲ್ಲಿಂದ ತರೋಣ?



ಕನ್ನಡ ವಿಕಿಪೀಡಿಯ ಸಂಪಾದಕರ ಈ ಸಭೆಯ ಅಧ್ಯಕ್ಷಸ್ಥಾನಕ್ಕೆ ನನ್ನನ್ನು ಕರೆದಿದ್ದೀರಿ. ಹಿಂದಿನ ಅಧ್ಯಕ್ಷರೆಲ್ಲ ಶ್ರದ್ಧೆಯಿಂದ ದುಡಿದಿದ್ದಾರೆ. ವಿವರ ವರದಿಯಲ್ಲಿದೆ, ಓದಿಕೊಳ್ಳಿ.

ಹೊರಗಿನವರು ಮೊದಲು ಕೇಳುವುದು, "ಒಂದು ಲೇಖನಕ್ಕೆ ಎಷ್ಟು ಕೊಡುತ್ತಾರೆ?" ಏನೂ ಇಲ್ಲ, ಇರಲೂಬಾರದು. ಸರ್ವರ್, ತಂತ್ರಾಂಶ, ವಕೀಲರು ಎಲ್ಲವನ್ನೂ ನೋಡಿಕೊಳ್ಳುವುದು ಸ್ಯಾನ್ ಫ್ರಾನ್ಸಿಸ್ಕೊದ ವಿಕಿಮೀಡಿಯ ಫೌಂಡೇಷನ್. ಅದರ ಹಣ ಬಹುಪಾಲು ಓದುಗರ ಸಣ್ಣಪುಟ್ಟ ದೇಣಿಗೆ. 2022-23ರಲ್ಲಿ ಬಂದದ್ದು ಸುಮಾರು 18 ಕೋಟಿ ಡಾಲರ್. ಸಂಬಳಕ್ಕೇ 10 ಕೋಟಿ ಹೋಯಿತು, ಹೋಸ್ಟಿಂಗ್‌ಗೆ 30 ಲಕ್ಷದಷ್ಟು. ಜಾಹೀರಾತು ಇಲ್ಲ. 2002ರಲ್ಲಿ ಜಾಹೀರಾತು ಬರಬಹುದೆಂಬ ಮಾತು ಕಿವಿಗೆ ಬಿದ್ದಿದ್ದಕ್ಕೇ ಸ್ಪ್ಯಾನಿಷ್ ಬಳಗದ ಬಹಳ ಮಂದಿ ಸಿಡಿದೆದ್ದು ಬೇರೆ ವಿಶ್ವಕೋಶ ಕಟ್ಟಿಕೊಂಡರು. ಆ ಕಾವು ನಮ್ಮಲ್ಲೂ ಇರಬೇಕಿತ್ತು.

2003ರಲ್ಲಿ ಶುರುವಾದ ನಮ್ಮ ವಿಕಿಪೀಡಿಯದಲ್ಲಿ ಈಗ ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ನಾನು ಅರಳಿಕಟ್ಟೆ ಎಂಬ ನಮ್ಮ ಚರ್ಚಾಪುಟದಲ್ಲಿ ವರ್ಷಗಳಿಂದ ಗಂಟಲು ಹರಿದುಕೊಂಡಿದ್ದು ಸಂಖ್ಯೆಗಾಗಿ ಅಲ್ಲ, ಉಲ್ಲೇಖಕ್ಕಾಗಿ. ಬರೆದ ಮಾತಿಗೆ ಪ್ರಕಟವಾದ ಆಧಾರ ಬೇಕೆಂಬ ನಿಯಮ ಸರಿಯೇ. ಅದಿಲ್ಲದಿದ್ದರೆ ಪ್ರತಿಯೊಬ್ಬ ಪುಢಾರಿಯೂ ತನ್ನ ಪುಟದಲ್ಲಿ ಅವತಾರ ಪುರುಷನಾಗುತ್ತಾನೆ. ಆದರೆ ಆಧಾರ ಎಲ್ಲಿದೆ? ಜೀವಮಾನವಿಡೀ ಮೇಳ ತಿರುಗಿದ ಒಬ್ಬ ಚೆಂಡೆ ವಾದಕರ ಬಗ್ಗೆ ಬರೆಯಲು ಕೂತು ನೋಡಿ. ಜಿಲ್ಲಾ ಪುಟದಲ್ಲಿ ಎರಡು ಕಾಲಂ ಸುದ್ದಿ, ಸನ್ಮಾನದ ದಿನದ ಒಂದು ಸ್ಮರಣ ಸಂಚಿಕೆ, ಅಷ್ಟೇ. ಪತ್ರಿಕೆ ಜಾಲತಾಣ ಬದಲಿಸಿದ ದಿನ ಕೊಂಡಿ ಸತ್ತಿತು. ಯೂನಿಕೋಡ್‌ಗೆ ಮುಂಚಿನ ಪುಟಗಳು ಉಳಿದಿದ್ದರೂ ಹುಡುಕಿದರೆ ಸಿಗವು. ಸ್ಮರಣ ಸಂಚಿಕೆ ಯಾರ ಅಟ್ಟದಲ್ಲಿದೆಯೋ! ಲೇಖನದ ಹಣೆಗೆ "ಉಲ್ಲೇಖವಿಲ್ಲ" ಎಂಬ ಪಟ್ಟಿ ಬೀಳುತ್ತದೆ, ಕೆಲವು ದಿನದಲ್ಲಿ ಲೇಖನವೇ ಇರುವುದಿಲ್ಲ. ಅಮೆರಿಕದ ಕಿರುತೆರೆ ನಟಿಯ ಲೇಖನವಾದರೆ ರಾಶಿ ಅಡಿಟಿಪ್ಪಣಿ ಹೊತ್ತು ನಮ್ಮಲ್ಲೇ ನಿಶ್ಚಿಂತೆಯಿಂದ ಕೂತಿರುತ್ತದೆ.

ಅಂಥವು ಹೇಗೆ ಬಂದವೆಂದು ಹಳಬರಿಗೆ ಗೊತ್ತು. 2010ರ ಆಸುಪಾಸಿನಲ್ಲಿ ದೊಡ್ಡ ಕಂಪನಿಯೊಂದು ಅನುವಾದಕರಿಗೆ ದುಡ್ಡು ಕೊಟ್ಟು, ಯಂತ್ರದ ನೆರವಿನಿಂದ ಇಂಗ್ಲಿಷ್ ಲೇಖನಗಳನ್ನು ಇಲ್ಲಿಗೆ ಸುರಿಯಿತು. ಬಂಗಾಳಿಯವರು ಬೇಡವೆಂದರು. ನಾವು ಸಂಖ್ಯೆ ಏರಿತೆಂದು ಹಿಗ್ಗಿದೆವು. ವಿರೋಧಿಸಿದ ನನಗೆ "ಹಾಗಾದರೆ ನೀವೇ ಬರೆದು ತುಂಬಿಸಿ" ಎಂದವರು ಈ ಸಭೆಯಲ್ಲೇ ಇದ್ದಾರೆ. ಆ ವಾಕ್ಯಗಳನ್ನು ಇಂದಿಗೂ ತಿದ್ದುತ್ತಿರುವವರು ಅವರಲ್ಲ.

ಅಚ್ಚಾದ ಆಧಾರವಿಲ್ಲದ ಕಡೆ ಬೇರೆ ದಾರಿ ಇಲ್ಲವೆಂದಲ್ಲ. 2011ರಲ್ಲಿ ವಿಕಿಮೀಡಿಯ ಬಳಗದ ಅಚಲ್ ಪ್ರಭಾಲಾ ಮತ್ತು ಸಂಗಡಿಗರು ಭಾರತದಲ್ಲೂ ದಕ್ಷಿಣ ಆಫ್ರಿಕಾದಲ್ಲೂ ಹಳ್ಳಿಯವರ ಮಾತನ್ನು ಧ್ವನಿಮುದ್ರಿಸಿ, ಅದನ್ನೇ ಉಲ್ಲೇಖವಾಗಿಸಿ ಮಲಯಾಳಂ, ಹಿಂದಿ, ಸೆಪೆಡಿ ಲೇಖನಗಳಲ್ಲಿ ಬಳಸಿ ತೋರಿಸಿದರು. ನಾವು ಚಪ್ಪಾಳೆ ತಟ್ಟಿ ಸುಮ್ಮನಾದೆವು. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಗೆ ಬಿಟ್ಟುಕೊಟ್ಟಾಗಲೂ ಅದನ್ನು ತಂದು ಹಾಕುವುದರಲ್ಲಿ ಮೈಮರೆತೆವು. ನಮ್ಮ ಚೆಂಡೆಯವರು ಅದರಲ್ಲಿಲ್ಲ.

ಈಗ ನನ್ನ ಬೇಡಿಕೆಗಳು. ಜಾಲಪುಟದ ಉಲ್ಲೇಖ ಕೊಟ್ಟವರು ಆ ಪುಟವನ್ನು ಅದೇ ದಿನ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿಸಿ, ಆ ಕೊಂಡಿಯನ್ನೂ ಸೇರಿಸಬೇಕು. ಒಂದು ನಿಮಿಷದ ಕೆಲಸ, ಸಬೂಬು ಬೇಡ. ಪ್ರತಿ ಜಿಲ್ಲೆಯಿಂದ ಇಬ್ಬರು ಕೇಂದ್ರ ಗ್ರಂಥಾಲಯದಲ್ಲಿ ಕೂತು ಒಂದು ಪತ್ರಿಕೆಯ ಒಂದು ವರ್ಷದ ವಿಷಯಸೂಚಿ ಮಾಡಲಿ. ಕೊಂಡಿ ಬೇಕಿಲ್ಲ, ಪತ್ರಿಕೆಯ ಹೆಸರು, ದಿನಾಂಕ, ಪುಟಸಂಖ್ಯೆ ಇದ್ದರೆ ಅದೂ ಉಲ್ಲೇಖವೇ. ಸ್ಮರಣ ಸಂಚಿಕೆಗಳಿಗೆ ಒಂದು ಸ್ಕ್ಯಾನರ್ ಬೇಕು. ಹಿಂದೊಮ್ಮೆ ಅನುದಾನ ಕೇಳಿದಾಗ ಟೀ ಶರ್ಟಿಗೆ ಮಂಜೂರಾಯಿತು, ಸ್ಕ್ಯಾನರಿಗೆ ಆಗಲಿಲ್ಲ. ಎಲ್ಲ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳೂ ಹಳೆಯ ಪುಸ್ತಕಗಳನ್ನು ಮುಕ್ತಗೊಳಿಸಲಿ, ಪತ್ರಿಕೆಗಳು ಹಳೆಯ ಸಂಚಿಕೆಗಳ ಕೋಣೆ ತೆರೆಯಲಿ, ಸರ್ಕಾರ ಅದಕ್ಕೆ ದುಡ್ಡು ಕೊಡಲಿ. ನಗುತ್ತೀರಿ, ನಗಿ. ಕೇಳದೆ ಇರಲಾರೆ.

ಧ್ವನಿಮುದ್ರಣವನ್ನು ಉಲ್ಲೇಖವಾಗಿ ಒಪ್ಪುವ ಕರಡು ನೀತಿ ಊಟದ ನಂತರ ಚರ್ಚೆಗೆ ಬರುತ್ತದೆ. ವಿರೋಧವಿದ್ದವರು ಕರಡನ್ನು ಓದಿಕೊಂಡು ಬನ್ನಿ.