ಕಲ್ಚರ್ ರಿಪೋರ್ಟ್ ಬಂತಾ?

ಹೃದಯದ ಕಾಯಿಲೆ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಎದೆ ಹಿಡಿದುಕೊಂಡು ಕುಸಿಯುವ ಮನುಷ್ಯ. ಅಲ್ಲಿ ಎಲ್ಲವೂ ನಿಮಿಷದ ಲೆಕ್ಕ. ಆದರೆ ಇನ್ನೊಂದು ಕಾಯಿಲೆ ಇದೆ, ಅದು ಜ್ವರದ ವೇಷ ಹಾಕಿಕೊಂಡು ಬರುತ್ತದೆ. ಸಂಜೆಯಾದರೆ ಮೈ ಬಿಸಿ, ರಾತ್ರಿ ಬೆವರು, ಊಟ ಸೇರುವುದಿಲ್ಲ, ಪ್ಯಾಂಟಿನ ಬೆಲ್ಟು ಒಂದೊಂದೇ ತೂತು ಹಿಂದಕ್ಕೆ ಹೋಗುತ್ತದೆ. ಮನೆಯಲ್ಲಿ ಕಷಾಯ ಆಗುತ್ತದೆ, ಮೆಡಿಕಲ್ ಶಾಪಿನಿಂದ ಮಾತ್ರೆ ಬರುತ್ತದೆ. ಜ್ವರ ಇಳಿಯುತ್ತದೆ, ಮತ್ತೆ ಏರುತ್ತದೆ. ಕೊನೆಗೊಬ್ಬ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಸ್ವಲ್ಪ ಹೆಚ್ಚೇ ಹೊತ್ತು ಕೇಳಿಸಿಕೊಂಡು, ‘ಒಂದು ಎಕೋ ಮಾಡಿಸಿಬಿಡಿ’ ಅನ್ನುತ್ತಾರೆ. ಹೃದಯದ ವಾಲ್ವಿನ ಮೇಲೆ ಬ್ಯಾಕ್ಟೀರಿಯಾ ಬೀಡುಬಿಟ್ಟಿರುವುದು ಆಗ ಗೊತ್ತಾಗುತ್ತದೆ. ಎಂಡೋಕಾರ್ಡೈಟಿಸ್ ಎನ್ನುತ್ತಾರೆ. ಹೃದಯದ ಒಳಪೊರೆಯ ಸೋಂಕು.

ರೋಗಿಯನ್ನು ಡಾಕ್ಟರು ನೋಡಿಕೊಳ್ಳುತ್ತಾರೆ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತವರ ಬಗ್ಗೆ ಇವತ್ತು ನಾಲ್ಕು ಮಾತಾಡೋಣ ಅಂತ.

ನನ್ನ ಚಿಕ್ಕಪ್ಪನ ಮಗಳು ತನ್ನ ಯಜಮಾನರ ಪಕ್ಕ ಹಾಗೆ ಕೂತಿದ್ದವಳು, ಇದೇ ಮೈಸೂರಿನಲ್ಲಿ. ಆತನಿಗೆ ಹುಡುಗನಾಗಿದ್ದಾಗ ಗಂಟಲು ನೋವು ಬಂದು, ಹಿಂದೆಯೇ ಮಂಡಿ, ಮೊಣಕೈ ಎಲ್ಲ ಊದಿಕೊಂಡಿದ್ದವಂತೆ. ರುಮ್ಯಾಟಿಕ್ ಜ್ವರ. ನಮ್ಮ ದೇಶದಲ್ಲಿ ಬಡವರ ಮಕ್ಕಳ ಹೃದಯದ ವಾಲ್ವುಗಳನ್ನು ಹಾಳು ಮಾಡುವುದರಲ್ಲಿ ಇದರದು ಮೊದಲ ಕೈ. ಅದು ಮತ್ತೆ ಬರದಂತೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಅಂತ ಶುರುವಾಗುತ್ತದೆ. ಹುಡುಗ ಚೆನ್ನಾಗಿ ಓಡಾಡಿಕೊಂಡಿದ್ದಾನಲ್ಲ ಅಂತ ಎಷ್ಟೋ ಮನೆಗಳಲ್ಲಿ ನಡುವೆಯೇ ನಿಂತೂ ಹೋಗುತ್ತದೆ. ಗಾಯದ ಕಲೆ ಉಳಿದ ಅಂಥ ವಾಲ್ವಿನ ಮೇಲೆ, ರಕ್ತದಲ್ಲಿ ಹಾದುಹೋಗುವ ಬ್ಯಾಕ್ಟೀರಿಯಾ ಮುಂದೆಂದೋ ಒಂದು ದಿನ ಸುಲಭವಾಗಿ ಅಂಟಿಕೊಳ್ಳುತ್ತದೆ.

ಚಿಕಿತ್ಸೆ ಎಷ್ಟು ದಿನ ಎಂದು ಇವಳು ಕೇಳಿದಳು. ನಾಲ್ಕರಿಂದ ಆರು ವಾರ ಎಂದರು ಡಾಕ್ಟರು. ಅಷ್ಟೂ ದಿನ ರಕ್ತನಾಳಕ್ಕೇ ಔಷಧಿ, ದಿನಕ್ಕೆ ಹಲವು ಸಲ. ಅಷ್ಟೊಂದು ಯಾಕೆಂದರೆ, ವಾಲ್ವಿಗೆ ತನ್ನದೇ ಆದ ರಕ್ತನಾಳಗಳು ಇಲ್ಲವೆನ್ನುವಷ್ಟು ಕಡಿಮೆ. ಮೈಯ ಬಿಳಿ ರಕ್ತಕಣಗಳು ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಬ್ಯಾಕ್ಟೀರಿಯಾಗಳು ಹೆಪ್ಪುಗಟ್ಟಿದ ರಕ್ತದ ಗಂಟಿನೊಳಗೆ ಕಂಬಳಿ ಹೊದ್ದವರ ಹಾಗೆ ಅಡಗಿ ಕೂತಿರುತ್ತವೆ. ಆ ಗಂಟಿನ ಚೂರೊಂದು ಕಿತ್ತುಕೊಂಡು ಮೆದುಳಿಗೆ ಹೋದರೆ ಲಕ್ವ. ಇದನ್ನು ಡಾಕ್ಟರು ಹೇಳಿದ ದಿನದಿಂದ ಇವಳ ನಿದ್ದೆ ಹಾರಿಹೋಯಿತು. ಅಪರಾತ್ರಿಯಲ್ಲಿ ಗಂಡನನ್ನು ಅಲ್ಲಾಡಿಸಿ ಎಬ್ಬಿಸುವುದು: ‘ರೀ, ನನ್ನ ಹೆಸರು ಹೇಳಿ ನೋಡೋಣ.’ ಆತ ಪಾಪ ಹೇಳುತ್ತಿದ್ದ. ಒಂದು ರಾತ್ರಿ ಮಾತ್ರ ರೇಗಿ, ‘ನಿನ್ನ ಹೆಸರು ಮರೆತಿದ್ರೆ ನಾನು ಯಾವತ್ತೋ ಬದುಕ್ಕೊಳ್ತಿದ್ದೆ’ ಅಂದನಂತೆ. ಇವಳಿಗೆ ಸಮಾಧಾನವಾಯಿತು. ಗಂಡ ಗಂಡನಂತೆಯೇ ಇದ್ದಾನೆ.

ಆಗ ದಸರಾ ಬೇರೆ. ದೀಪಾಲಂಕಾರ ನೋಡಲು ಬಂದ ನೆಂಟರು ಹಾಗೇ ರೋಗಿಯನ್ನೂ ನೋಡಿಕೊಂಡು ಹೋದರು. ಒಬ್ಬೊಬ್ಬರ ಕೈಯಲ್ಲೂ ಬಾಳೆಹಣ್ಣು, ಬಾಯಲ್ಲಿ ಒಂದು ಕಥೆ: ಅವರ ಷಡ್ಡಕನಿಗೂ ಹೀಗೇ ಆಗಿತ್ತು, ಆಮೇಲೆ ಏನಾಯಿತು ಗೊತ್ತಾ... ಕಥೆ ಹೇಳದವರು, ‘ಏನೂ ಆಗಲ್ಲ ಬಿಡಮ್ಮ’ ಎನ್ನುತ್ತಿದ್ದರು. ನನಗೆ ಎರಡೂ ಹಿಡಿಸುವುದಿಲ್ಲ. ಇಷ್ಟೆಲ್ಲ ಔಷಧಿಗಳಿರುವ ಈ ಕಾಲದಲ್ಲೂ ಈ ಸೋಂಕು ತಗುಲಿದ ಐವರಲ್ಲಿ ಸುಮಾರು ಒಬ್ಬರು ಆಸ್ಪತ್ರೆಯಿಂದ ಮನೆಗೆ ಮರಳುವುದಿಲ್ಲ. ‘ಏನೂ ಆಗಲ್ಲ’ ಎನ್ನುವುದು ಸುಳ್ಳು, ಮತ್ತು ಅದು ಸುಳ್ಳು ಅಂತ ಸ್ಟೂಲಿನ ಮೇಲೆ ಕೂತವಳಿಗೆ ಗೊತ್ತಿರುತ್ತದೆ. ಅವಳ ಓರಗಿತ್ತಿಯೊಬ್ಬಳು ಬಂದು, ‘ನೀನು ಮನೆಗೆ ಹೋಗಿ ತಲೆಗೆ ನೀರು ಹಾಕ್ಕೊಂಡು ಮಲಗು, ಇವತ್ತು ರಾತ್ರಿ ನಾನಿರ್ತೀನಿ’ ಅಂದಳು. ಅಷ್ಟು ಜನ ಆಡಿದ ಮಾತಿನಲ್ಲಿ ಕೆಲಸಕ್ಕೆ ಬಂದದ್ದು ಅದೊಂದು.

ಇನ್ನು ತಪ್ಪು ಯಾರದು ಎಂಬ ವಿಚಾರಣೆ. ಇದು ವಾರ್ಡಿನ ಹೊರಗಿನ ಬೆಂಚಿನ ಮೇಲೆ ದಿನಾ ನಡೆಯುತ್ತದೆ. ಕೆಲವು ತಿಂಗಳ ಹಿಂದೆ ಆತ ಒಂದು ಹಲ್ಲು ಕೀಳಿಸಿದ್ದ. ಕೀಳಿಸಿ ಅಂತ ಬಲವಂತ ಮಾಡಿದವಳು ಇವಳೇ. ಬಾಯಿಯಲ್ಲಿರುವ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಹೀಗಾಗಬಹುದು ಎಂದು ಎಲ್ಲೋ ಕೇಳಿದ ಮೇಲೆ, ‘ನಾನೇ ಮಾಡಿಬಿಟ್ಟೆ ಅಕ್ಕ’ ಅಂತ ನನ್ನ ಹತ್ತಿರ ಅತ್ತಳು. ಅವಳಿಗೆ ನಿಜವಾಗಿ ನೆರವಾದದ್ದು ಒಬ್ಬ ಡಾಕ್ಟರು ಕೊಟ್ಟ ವಿವರಣೆ. ಹಲ್ಲುಜ್ಜುವಾಗ, ಚಕ್ಕುಲಿ ಕಡಿಯುವಾಗಲೂ ವಸಡಿನಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುತ್ತದೆ, ಇದು ದಿನವೂ ನಡೆಯುವಂಥದ್ದು, ಒಂದು ದಿನದ ಒಂದು ಹಲ್ಲಿನ ಮೇಲೆ ಬೆರಳಿಟ್ಟು ತೋರಿಸಲು ಬರುವುದಿಲ್ಲ. ಹುಳುಕು ಹಲ್ಲು ಕೀಳಿಸದೆ ಬಿಟ್ಟಿದ್ದರೂ ಅದೇ ಅಪಾಯ ಇದ್ದೇ ಇತ್ತು. ಕಾಳಜಿ ಇರುವವರಿಗೆ ತಮ್ಮನ್ನೇ ಅಪರಾಧಿ ಮಾಡಿಕೊಳ್ಳುವ ಅವಸರ ಜಾಸ್ತಿ. ಏನೂ ಕಾರಣವಿಲ್ಲ ಅನ್ನುವುದಕ್ಕಿಂತ ನಾನೇ ಕಾರಣ ಅನ್ನುವುದು ಮನಸ್ಸಿಗೆ ಹಗುರ ಅನ್ನಿಸುತ್ತದೆಯೋ ಏನೋ.

ನೂರು ವರ್ಷದ ಹಿಂದೆ ಈ ಸ್ಟೂಲಿನ ಮೇಲೆ ಕೂತವರಿಗೆ ಇಷ್ಟು ಆಸರೆಯೂ ಇರಲಿಲ್ಲ. ಪಾಶ್ಚಾತ್ಯ ಸಂಗೀತದ ದೊಡ್ಡ ಹೆಸರು ಗುಸ್ತಾವ್ ಮಾಹ್ಲರ್. ಅವರ ಹೃದಯದ ವಾಲ್ವಿನಲ್ಲಿ ತೊಂದರೆ ಇರುವುದು 1907ರಲ್ಲೇ ಗೊತ್ತಾಗಿತ್ತು. 1911ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಜ್ವರದಲ್ಲೇ ಕಛೇರಿ ನಡೆಸಿದರು, ಅದೇ ಕೊನೆಯದಾಯಿತು. ರಕ್ತದ ಕಲ್ಚರ್‌ನಲ್ಲಿ, ಅಂದರೆ ರಕ್ತದಲ್ಲಿರುವ ಕ್ರಿಮಿಯನ್ನು ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ ಬೆಳೆಯಿತು. ರೋಗ ಯಾವುದು, ಮಾಡಿದ್ದು ಯಾವ ಕ್ರಿಮಿ ಎಲ್ಲ ಗೊತ್ತು, ಮದ್ದು ಮಾತ್ರ ಇಲ್ಲ. ಪ್ಯಾರಿಸ್ಸಿಗೆ ಬಂದಾಗ ಅಲ್ಲಿನ ತಜ್ಞರು ಮತ್ತೆ ಕಲ್ಚರ್ ಮಾಡಿ, ಮಾಹ್ಲರ್ ಅವರ ಹೆಂಡತಿ ಆಲ್ಮಾಳನ್ನು ಮೈಕ್ರೋಸ್ಕೋಪಿನ ಹತ್ತಿರ ಕರೆದರಂತೆ. ಇಷ್ಟು ಸೊಗಸಾಗಿ ಬೆಳೆದ ಸ್ಟ್ರೆಪ್ಟೋಕಾಕಸ್ಸನ್ನು ತಾವೇ ನೋಡಿರಲಿಲ್ಲವೆಂದು, ಕಡಲ ಪಾಚಿಯ ಎಳೆಗಳ ಹಾಗಿದೆ ನೋಡಿ ಎಂದು ಸಂಭ್ರಮದಿಂದ ತೋರಿಸಿದರಂತೆ. ಆಕೆಗೆ ಬಾಯಿ ಕಟ್ಟಿಹೋಯಿತು. ಆಕೆಯೇ ತನ್ನ ನೆನಪುಗಳಲ್ಲಿ ಬರೆದುಕೊಂಡಿದ್ದಾಳೆ. ಮಾಹ್ಲರ್ ವಿಯೆನ್ನಾದಲ್ಲಿ ಮೇ 18ರಂದು ತೀರಿಕೊಂಡಾಗ ವಯಸ್ಸು 50.

ಅಷ್ಟು ದೂರ ಯಾಕೆ, ನಮ್ಮ ಮೈಸೂರಿನ ಕೆಆರ್‌ಎಸ್ ರಸ್ತೆಯಲ್ಲೇ ಪಿಕೆಟಿಬಿ ಎಂಬ ಕ್ಷಯರೋಗದ ಆಸ್ಪತ್ರೆ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ, ಕ್ಷಯಕ್ಕೆ ಬಲಿಯಾದ ಕೃಷ್ಣಾಜಮ್ಮಣ್ಣಿಯವರ ಹೆಸರಿನದು. ಕ್ರಿಮಿ ಬೇರೆ, ರೋಗ ಬೇರೆ. ಆದರೆ ಮದ್ದಿಲ್ಲದ ಕಾಲದಲ್ಲಿ ಮಹಾರಾಜರೂ ಆ ಸ್ಟೂಲಿನ ಮೇಲೆ ಕೂತವರೇ. ಪೆನಿಸಿಲಿನ್ ರೋಗಿಗಳ ಕೈಗೆ ಸಿಕ್ಕಿದ್ದು 1940ರ ದಶಕದಲ್ಲಿ. ಅಲ್ಲಿಯವರೆಗೆ ಹೃದಯದ ಈ ಸೋಂಕಿನಿಂದ ಬದುಕಿ ಬಂದವರು ಅಪರೂಪ. ಇವತ್ತು ಅದೇ ಕೆಆರ್‌ಎಸ್ ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆಗೆ ಹುಣಸೂರು, ನಂಜನಗೂಡು, ಚಾಮರಾಜನಗರದಿಂದೆಲ್ಲ ಬಸ್ಸಿನಲ್ಲಿ ಬರುವವರು, ಕೆಟ್ಟ ವಾಲ್ವನ್ನು ತೆಗೆದು ಬೇರೆ ವಾಲ್ವು ಕೂರಿಸುವ ಮಾತನ್ನು ಬೆಂಚಿನ ಮೇಲೆ ಕೂತು ಮಾತಾಡಿಕೊಳ್ಳುತ್ತಾರೆ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಕಲ್ಚರಿಗೆ ಸಾಮಾನ್ಯವಾಗಿ ಮೂರು ಸಲ ರಕ್ತ ತೆಗೆಯುತ್ತಾರೆ, ಆ್ಯಂಟಿಬಯೋಟಿಕ್ ಶುರು ಮಾಡುವುದಕ್ಕೆ ಮೊದಲು. ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಔಷಧಿ ನಾಟುತ್ತದೆ ಎಂದು ತಿಳಿಯುವುದು ಅದರಿಂದಲೇ. ಜ್ವರ ಬಂತೆಂದು ನಾವೇ ಮೆಡಿಕಲ್ ಶಾಪಿನಿಂದ ಆ್ಯಂಟಿಬಯೋಟಿಕ್ ತಂದು ನುಂಗಿದ್ದರೆ, ಕಲ್ಚರ್ ಬಾಟಲಿಯಲ್ಲಿ ಏನೂ ಬೆಳೆಯದೆ ಹೋಗಬಹುದು. ಆದರೆ ವಾಲ್ವಿನ ಮೇಲೆ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ. ಆಗ ಡಾಕ್ಟರು ಅಂದಾಜಿನ ಮೇಲೆ ಔಷಧಿ ಕೊಡಬೇಕಾಗುತ್ತದೆ. ಮೊದಲೇ ವಾಲ್ವಿನ ತೊಂದರೆ ಇರುವವರ ಮನೆಯಲ್ಲಿ ಬಿಡದ ಜ್ವರವಿದ್ದರೆ, ಮಾತ್ರೆಗೆ ಮುಂಚೆ ಡಾಕ್ಟರು, ಮತ್ತು ಡಾಕ್ಟರಿಗೆ ಮೊದಲ ವಾಕ್ಯವೇ ‘ಇವರಿಗೆ ವಾಲ್ವ್ ತೊಂದರೆ ಇದೆ’ ಅಂತ.

ನನ್ನ ಚಿಕ್ಕಪ್ಪನ ಮಗಳ ವಿಷಯಕ್ಕೆ ಬಂದರೆ, ‘ಕಲ್ಚರ್ ರಿಪೋರ್ಟ್ ಬಂತಾ’ ಅಂತ ಸಿಸ್ಟರನ್ನು ಗಂಟೆಗೊಮ್ಮೆ ಕೇಳಿ ಕೇಳಿ, ಅವರೂ ಬೇಸತ್ತರು. ಕೊನೆಗೆ ಒಬ್ಬ ಹಿರಿಯ ಸಿಸ್ಟರ್, ಬೈದೋ ಕನಿಕರಪಟ್ಟೋ, ‘ಒಂದು ನೋಟ್‌ಬುಕ್ ಇಟ್ಕೊಳ್ಳಿ, ನಮಗೂ ಅನುಕೂಲ ಆಗತ್ತೆ’ ಅಂದರು. ಮಗಳ ಗಣಿತದ ಹಳೆ ನೋಟ್‌ಬುಕ್ಕಿನ ಉಳಿದ ಹಾಳೆಗಳು. ಜ್ವರ ಎಷ್ಟು, ಎಷ್ಟು ಗಂಟೆಗೆ. ಮೂತ್ರ ಎಷ್ಟಾಯಿತು. ಕಿವಿಯಲ್ಲಿ ಗುಂಯ್ ಅನ್ನುತ್ತದೆಯೇ, ಯಾಕೆಂದರೆ ಕೊಡುತ್ತಿದ್ದ ಜೆಂಟಾಮೈಸಿನ್ ಕಿವಿಗೂ ಕಿಡ್ನಿಗೂ ತೊಂದರೆ ಕೊಡಬಲ್ಲದು. ಸೂಜಿ ಚುಚ್ಚಿದ ಕೈ ಕೆಂಪಗಾಗಿದೆಯೇ. ಅವಳ ಹೆದರಿಕೆ ಕಡಿಮೆಯಾಯಿತು ಅಂತ ನಾನು ಹೇಳಲಾರೆ. ಹೆದರಿಕೆಗೆ ಒಂದು ಕೆಲಸ ಸಿಕ್ಕಿತು. ಮುಂದಿನ ವರ್ಷ ಏನೋ ಎಂತೋ ಅಂತ ಓಡುತ್ತಿದ್ದ ಮನಸ್ಸು ನಾಲ್ಕು ಗಂಟೆಯ ಥರ್ಮಾಮೀಟರಿಗೆ ಬಂದು ನಿಲ್ಲುವುದನ್ನು ಕಲಿಯಿತು. ರೌಂಡ್ಸಿಗೆ ಬಂದ ಡಾಕ್ಟರು ಕೇಸ್‌ಶೀಟಿನ ಜೊತೆಗೆ, ‘ಎಲ್ಲಮ್ಮ ನಿಮ್ಮ ಬುಕ್ಕು’ ಅಂತ ಕೇಳತೊಡಗಿದರು.

ಆತ ಮನೆಗೆ ಬಂದ. ವಾಲ್ವಿನ ಆಪರೇಷನ್ ಸದ್ಯಕ್ಕೆ ಬೇಡ, ನೋಡೋಣ ಎಂದಿದ್ದಾರೆ. ಆ ‘ನೋಡೋಣ’ ಇವಳ ಜೊತೆಗೇ ಇರುತ್ತದೆ. ಆತ ಕೆಮ್ಮಿದರೂ ಹಣೆ ಮುಟ್ಟಿ ನೋಡುತ್ತಾಳೆ. ಒಮ್ಮೆ ಈ ಸೋಂಕು ಬಂದವರು ಹಲ್ಲು ಕೀಳಿಸುವುದಿದ್ದರೆ ಗಂಟೆ ಮುಂಚೆ ಆ್ಯಂಟಿಬಯೋಟಿಕ್ ತೆಗೆದುಕೊಳ್ಳಬೇಕಾಗುತ್ತದೆ. ಅದನ್ನು ಡಾಕ್ಟರ ಹತ್ತಿರ ಬರೆಸಿಕೊಂಡು ಪರ್ಸಿನಲ್ಲಿಟ್ಟಿದ್ದಾಳೆ. ಮೊನ್ನೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಆತ ಬಾಯಿ ತೆರೆಯುವ ಮೊದಲೇ ಇವಳು ಬಾಯಿ ತೆರೆದು, ಇದ್ದದ್ದೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದಳಂತೆ.