ಹೊರನಾಡಿನ ತಿಂಡಿ, ನಮ್ಮ ಒರಳು

(ವೇಲಚೇರಿಯ ಕನ್ನಡ ಕುಟುಂಬಗಳ ರಾಜ್ಯೋತ್ಸವ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ನಿಂತು ತಿಂಡಿಯ ಮಾತನಾಡುವುದು ಅಷ್ಟೇನೂ ಗೌರವದ ಕೆಲಸವಲ್ಲವೆಂದು ಕೆಲವರಿಗೆ ತೋರಬಹುದು. ನಮಗಿಂತ ಮೊದಲು ಮಾತನಾಡಿದವರು ನೃಪತುಂಗನ ಕಾಲದಿಂದ ಹಿಡಿದು 1956ರ ಏಕೀಕರಣದವರೆಗೆ ನಾಡಿನ ಕಥೆಯನ್ನು ಸೊಗಸಾಗಿ ಹೇಳಿದ್ದಾರೆ. ಅವರು ಬಡಿಸಿದ ಹಬ್ಬದೂಟದ ಮೇಲೆ ನಾವು ಕೊಡುವುದು ಒಂದು ಹಿಡಿ ಕುರುಕಲು. ಆದರೆ ಸಭಿಕರಲ್ಲಿ ಅನೇಕರು ಆಗಲೇ ಹಿಂದಿನ ಕೋಣೆಯಿಂದ ಬರುವ ಒಗ್ಗರಣೆಯ ವಾಸನೆಯ ಕಡೆಗೆ ಮುಖ ತಿರುಗಿಸಿರುವುದನ್ನು ನೋಡಿದರೆ, ನಮ್ಮ ವಿಷಯಕ್ಕೆ ಕೇಳುವವರ ಕೊರತೆಯಿಲ್ಲವೆಂದು ಧೈರ್ಯ ಬರುತ್ತದೆ.

ಲೋಕದ ನಾನಾ ದೇಶಗಳ ಸಸ್ಯಾಹಾರಿ ತಿಂಡಿಗಳನ್ನು ಮನೆಯಲ್ಲಿ ಮಾಡಿಕೊಳ್ಳುವುದು ಹೇಗೆ ಎಂಬುದು ನಮಗೆ ಕೊಟ್ಟಿರುವ ವಿಷಯ. ನಾವು ದೇಶ ಸುತ್ತಿದವರಲ್ಲ. ವೇಲಚೇರಿ ನಿಲ್ದಾಣದಲ್ಲಿ ರೈಲು ಹತ್ತಿ ಬ್ಯಾಂಕಿಗೆ ಹೋಗಿಬರುವುದೇ ನಮ್ಮ ನಿತ್ಯದ ದೇಶಸಂಚಾರ. ಆದರೂ ಒಂದು ವರ್ಷದಿಂದ ನಮ್ಮ ಅಡಿಗೆಮನೆಗೆ ಐದಾರು ದೇಶಗಳು ಬಂದು ಹೋಗಿವೆ. ಅದು ಹೇಗಾಯಿತೆಂಬುದನ್ನೇ ಹೇಳುತ್ತೇವೆ.

ತಂದೆಯವರು ತೀರಿಕೊಂಡ ಮೇಲೆ ತಾಯಿಯವರನ್ನು ತುಮಕೂರು ಸೀಮೆಯಿಂದ ಇಲ್ಲಿಗೆ ಕರೆತಂದೆವು. ಮೂರನೆಯ ಮಹಡಿಯ ಮನೆ. ಕೆಳಗಿಳಿದರೆ ಅವರಿಗೆ ತಿಳಿಯದ ತಮಿಳು. ಒಂಬತ್ತು ವರ್ಷದ ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತದೆ. ಆದರೆ ಅಜ್ಜಿ ಕನ್ನಡದಲ್ಲಿ ಕೇಳಿದರೆ ಉತ್ತರ ಬರುವುದು ಇಂಗ್ಲಿಷಿನಲ್ಲಿ, ಅದೂ ಒಂದೇ ಶಬ್ದದಲ್ಲಿ. ನಾಲ್ಕು ತಿಂಗಳು ಕಳೆದ ಮೇಲೆ ಒಂದು ರಾತ್ರಿ ತಾಯಿಯವರು, “ನನ್ನ ಊರಿಗೆ ಬಿಟ್ಟುಬಿಡಪ್ಪ. ಇಲ್ಲಿ ನನಗೂ ಒಂದು ಬಾಯಿ ಇದೆ ಅನ್ನೋದೇ ಮರೆತುಹೋಗ್ತಿದೆ” ಎಂದರು. ಊರಿನ ಮನೆಗೆ ಬೀಗ ಬಿದ್ದಿತ್ತು. ಏನು ಉತ್ತರ ಹೇಳಬೇಕೋ ನಮಗೆ ತೋಚಲಿಲ್ಲ.

ಅದೇ ವಾರ ಮಗಳು ಗೆಳತಿಯ ಹುಟ್ಟುಹಬ್ಬದಲ್ಲಿ ಫಲಾಫೆಲ್ ಎಂಬ ತಿಂಡಿ ತಿಂದುಬಂದು, ಅದೇ ಬೇಕೆಂದು ಹಠ ಹಿಡಿದಳು. ವಿಚಾರಿಸಿದರೆ ಆರು ಉಂಡೆಗೆ 180 ರೂಪಾಯಿ! ಲೆಕ್ಕ ಬರೆಯುವ ಕಸುಬಿನವರಿಗೆ ಇಂಥ ಅಂಕಿ ಕಣ್ಣಿಗೆ ಚುಚ್ಚುತ್ತದೆ. ಮಾಡುವ ವಿಧಾನವನ್ನು ಹುಡುಕಿ ತೆಗೆದು ಗಟ್ಟಿಯಾಗಿ ಓದಿದೆವು. ಕಾಬೂಲಿ ಕಡಲೆಯನ್ನು ರಾತ್ರಿಯೆಲ್ಲ ನೆನೆಸಬೇಕು, ಬೇಯಿಸಕೂಡದು, ನೀರು ಬಸಿದು ತರಿತರಿಯಾಗಿ ರುಬ್ಬಬೇಕು, ಈರುಳ್ಳಿ, ಕೊತ್ತಂಬರಿ ಸೊಪ್ಪು, ಜೀರಿಗೆ, ಉಪ್ಪು ಬೆರೆಸಿ ಎಣ್ಣೆಯಲ್ಲಿ ಕರಿಯಬೇಕು. ಮೂಲೆಯಲ್ಲಿ ಸೊಪ್ಪು ಸೋಸುತ್ತ ಕುಳಿತಿದ್ದ ತಾಯಿಯವರು ತಲೆಯೆತ್ತಿ, “ಇದು ನಮ್ಮ ಆಂಬೊಡೆ ಕಣೋ! ಬೇಳೆ ಬದಲು ಇಡೀ ಕಾಳು ಹಾಕಿದಾರೆ, ಅಷ್ಟೆ” ಎಂದರು.

ಆ ಭಾನುವಾರ ಅಜ್ಜಿ ಮೊಮ್ಮಗಳು ಇಬ್ಬರೂ ಅಡಿಗೆಮನೆ ಹೊಕ್ಕರು. “ಪುಟ್ಟಿ, ನುಣ್ಣಗೆ ಬೇಡ, ತರಿತರಿಯಾಗಿರಲಿ” ಎಂದರು ಅಜ್ಜಿ. “ತರಿತರಿ ಅಂದ್ರೇನಜ್ಜಿ?” ಎಂದಳು ಹುಡುಗಿ. ಅಜ್ಜಿ ಒಂದು ಚಿಟಿಕೆ ಹಿಟ್ಟನ್ನು ಅವಳ ಅಂಗೈಯಲ್ಲಿಟ್ಟು ಬೆರಳಿನಿಂದ ಉಜ್ಜಿ ತೋರಿಸಿದರು. ಆಮೇಲೆ ‘ಬಸಿ’, ‘ತಟ್ಟು’, ‘ಮಗುಚು’, ‘ಹದ ನೋಡು’ ಎಂಬ ಮಾತುಗಳೂ ಅದೇ ರೀತಿ ಒಂದೊಂದಾಗಿ ಬಂದವು. ಕಾಲು ಕಿಲೋ ಕಡಲೆಗೆ ಇಪ್ಪತ್ತೈದು ಆದವು. ಲೆಕ್ಕದಲ್ಲಿ ಲಾಭ ಬಂತು. ಆದರೆ ನಮಗೆ ಕಂಡ ಲಾಭ ಅದಲ್ಲ. ಆ ದಿನ ಅಡಿಗೆಮನೆಯಲ್ಲಿ ಒಂದೂವರೆ ಗಂಟೆ ಕನ್ನಡದ ಮಾತು ನಿಲ್ಲಲೇ ಇಲ್ಲ. ಕೊಂಡು ತಿನ್ನುವವರಿಗೆ ತಿಂಡಿಯ ಹೆಸರು ಗೊತ್ತಿದ್ದರೆ ಸಾಕು. ಮಾಡುವವರಿಗೆ ಕ್ರಿಯಾಪದಗಳು ಬೇಕಾಗುತ್ತವೆ.

ಇಲ್ಲಿ ಒಂದು ಎಚ್ಚರಿಕೆ. ಹೊತ್ತಿಲ್ಲವೆಂದು ಕಡಲೆಯನ್ನು ಬೇಯಿಸಿ ರುಬ್ಬಿದರೆ, ಎಣ್ಣೆಗೆ ಬಿಟ್ಟ ಕೂಡಲೇ ತಿಂಡಿ ಒಡೆದು ಚೂರಾಗುತ್ತದೆ. ಹಸಿ ಕಾಳಿನ ಹಿಟ್ಟು ಬಾಂಡಲೆಯಲ್ಲಿ ಬೇಯುತ್ತ ತಾನೇ ಹಿಡಿದುಕೊಳ್ಳುತ್ತದೆ. ಈಜಿಪ್ಟಿನವರು ಇದನ್ನೇ ಕಡಲೆಗೆ ಬದಲಾಗಿ ಒಂದು ಬಗೆಯ ದೊಡ್ಡ ಅವರೆಯಂಥ ಕಾಳಿನಿಂದ ಮಾಡಿ ತಾಮಿಯಾ ಎನ್ನುತ್ತಾರೆ.

ಆಂಬೊಡೆಯಾದ ಮೇಲೆ ವಡೆಯ ಸರದಿ. ಪಶ್ಚಿಮ ಆಫ್ರಿಕದ ನೈಜೀರಿಯದಲ್ಲಿ ಅಕರಾ ಎಂಬ ತಿಂಡಿಯುಂಟು. ಅಲಸಂದೆಯನ್ನು ನೆನೆಸಿ, ಸಿಪ್ಪೆ ಉಜ್ಜಿ ತೆಗೆದು, ನುಣ್ಣಗೆ ರುಬ್ಬಿ, ಗಾಳಿ ತುಂಬುವಂತೆ ಚೆನ್ನಾಗಿ ಕಡೆದು, ಈರುಳ್ಳಿ ಮೆಣಸಿನಕಾಯಿ ಹಾಕಿ ಕರಿಯುತ್ತಾರೆ. ನಮ್ಮ ಅಲಸಂದೆ ವಡೆಯ ಅಕ್ಕ ಎನ್ನಬೇಕು; ಅಲಸಂದೆ ಕಾಳಿನ ತವರೇ ಆಫ್ರಿಕ. ಗುಲಾಮರನ್ನಾಗಿ ಹಡಗಿನಲ್ಲಿ ತುಂಬಿಸಿಕೊಂಡು ಹೋದ ಜನರ ಜೊತೆಗೆ ಈ ವಡೆ ಅಟ್ಲಾಂಟಿಕ್ ಸಾಗರವನ್ನು ದಾಟಿ ಬ್ರೆಜಿಲ್ ದೇಶದ ಬಹಿಯಾ ಪ್ರಾಂತಕ್ಕೆ ಹೋಯಿತು. ಕೈಯಲ್ಲಿ ಗಂಟಿಲ್ಲ, ಮೈಮೇಲೆ ಸ್ವಾತಂತ್ರ್ಯವಿಲ್ಲ. ರುಬ್ಬುವ, ಕರಿಯುವ ಹದವೊಂದು ಅವರ ಬಳಿ ಉಳಿದಿತ್ತು. ಅಲ್ಲಿ ಅದರ ಹೆಸರು ಅಕರಜೆ. ಬಿಳಿಯ ಉಡುಪು ತೊಟ್ಟ ಹೆಂಗಸರು ಇಂದಿಗೂ ಬೀದಿಯಲ್ಲಿ ಕುಳಿತು ಮಾರುತ್ತಾರೆ. ಅವರ ಆ ಕಸುಬನ್ನು ಬ್ರೆಜಿಲ್ ಸರ್ಕಾರ 2005ರಲ್ಲಿ ರಾಷ್ಟ್ರದ ಪರಂಪರೆಯೆಂದು ದಾಖಲೆ ಮಾಡಿಕೊಂಡಿತು. ಅವರು ವಡೆಯನ್ನು ಸೀಳಿ ಸೀಗಡಿ ತುಂಬುವುದುಂಟು. ನಾವು ಅದನ್ನು ಬಿಟ್ಟು ಸುಟ್ಟ ಬದನೆಕಾಯಿಯ ಗೊಜ್ಜು ತುಂಬಿದೆವು.

ಇನ್ನು ದೋಸೆ. ಇಥಿಯೋಪಿಯದವರು ಟೆಫ್ ಎಂಬ ಸಾಸಿವೆಗಿಂತ ಸಣ್ಣ ಧಾನ್ಯದ ಹಿಟ್ಟನ್ನು ಎರಡು ಮೂರು ದಿನ ಹುಳಿ ಬರಿಸಿ, ಅಗಲವಾದ ಕಾವಲಿಯ ಮೇಲೆ ಹುಯ್ದು, ಮುಚ್ಚಳ ಮುಚ್ಚಿ, ಒಂದೇ ಮಗ್ಗುಲು ಬೇಯಿಸುತ್ತಾರೆ. ಮೈತುಂಬ ಕಣ್ಣುಕಣ್ಣಾಗಿ ಏಳುವ ಈ ಇಂಜೆರಾವನ್ನು ನೋಡಿದರೆ ನಮ್ಮವರಾರೂ ದೋಸೆಯಲ್ಲವೆನ್ನಲಾರರು. ಅಲ್ಲಿನ ಸನಾತನ ಕ್ರೈಸ್ತರು ಬುಧವಾರ ಶುಕ್ರವಾರಗಳಂದು ಮಾಂಸ, ಹಾಲು, ಬೆಣ್ಣೆಗಳನ್ನು ಬಿಟ್ಟು, ಇದನ್ನು ಕಾಳಿನ ಹಿಟ್ಟಿನ ಗೊಜ್ಜಿನೊಡನೆ ತಿನ್ನುತ್ತಾರೆ. ಟೆಫ್ ನಮಗೆ ಸಿಕ್ಕಲಿಲ್ಲ. ತಾಯಿಯವರು ಎರಡು ಲೋಟ ರಾಗಿಹಿಟ್ಟಿಗೆ ಅರ್ಧ ಲೋಟ ಉದ್ದಿನಬೇಳೆ ನೆನೆಸಿ ರುಬ್ಬಿ, ರಾತ್ರಿ ಹುದುಗಲು ಬಿಟ್ಟು, ಬೆಳಗ್ಗೆ ಅದೇ ಕ್ರಮದಲ್ಲಿ ಹುಯ್ದರು. ಆಮೇಲೆ ತಿಳಿಯಿತು: ನಮ್ಮ ರಾಗಿಯೂ ಪೂರ್ವ ಆಫ್ರಿಕದ ಆ ಎತ್ತರದ ಸೀಮೆಯಿಂದಲೇ ಸಾವಿರಾರು ವರ್ಷಗಳ ಹಿಂದೆ ಬಂದದ್ದು. ಮೊಮ್ಮಗಳು ಇದನ್ನು ಓದಿ ಹೇಳಿದಾಗ ತಾಯಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಅದೂ ನನ್ನ ಹಾಗೆ ಊರು ಬಿಟ್ಟು ಬಂದದ್ದೇ” ಎಂದರು.

ಇಟಲಿಯ ಜಿನೋವಾ ಪಟ್ಟಣದ ಫರಿನಾಟ ಇನ್ನೂ ಸುಲಭ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ, ಅಷ್ಟೆ. ಕಲಸಿ ನಾಲ್ಕು ಗಂಟೆ ಇಟ್ಟು, ಬಿಸಿಯಾದ ಒಲೆಗೂಡಿನಲ್ಲಿ ಸುಡುತ್ತಾರೆ. ಕಾವಲಿಯಲ್ಲಿ ಮಾಡುವವರು ಒಂದು ಲೋಟ ಹಿಟ್ಟಿಗೆ ಒಂದೂವರೆ ಲೋಟ ನೀರು ಹಾಕಿ, ಮೇಲೆ ಮೆಣಸಿನ ಪುಡಿ ಉದುರಿಸಿದರೆ ಸಾಕು. ಇದನ್ನೇ ಫ್ರಾನ್ಸಿನ ನೀಸ್ ಪಟ್ಟಣದವರು ಸೊಕ್ಕಾ ಎನ್ನುತ್ತಾರೆ. ತಾಯಿಯವರು ಒಂದು ತುಂಡು ಬಾಯಿಗಿಟ್ಟು, “ಹೆಸರಿಗೆ ಸೊಕ್ಕು, ತಿಂದರೆ ಮೆತ್ತಗಿದೆ” ಎಂದರು. ‘ಸೊಕ್ಕು’ ಎಂದರೇನೆಂದು ಮಗಳಿಗೆ ವಿವರಿಸಲು ಉದಾಹರಣೆಗೆ ನಾವೇ ಒದಗಬೇಕಾಯಿತು.

ಒಲೆ ಹಚ್ಚದ ತಿಂಡಿಗಳೂ ಉಂಟು. 2015ರ ಡಿಸೆಂಬರಿನಲ್ಲಿ ವೇಲಚೇರಿಗೆ ನೀರು ನುಗ್ಗಿದ್ದನ್ನು ಇಲ್ಲಿರುವ ಹಲವರು ಮರೆತಿರಲಾರಿರಿ. ನೆಲಮಟ್ಟದ ಮನೆಯವರೆಲ್ಲ ಮೇಲಿನ ಮಹಡಿಗೆ ಬಂದರು. ವಿದ್ಯುತ್ತಿಲ್ಲ, ನಮ್ಮ ಮನೆಯ ಅನಿಲವೂ ಮುಗಿದಿತ್ತು. ಕುಡಿಯುವ ನೀರಿನಲ್ಲಿ ಸ್ವಲ್ಪ ಉಳಿಸಿ, ಹುಣಿಸೆ ಬೆಲ್ಲ ಕಿವುಚಿ, ಸಾರಿನ ಪುಡಿ ಹಾಕಿ ಅವಲಕ್ಕಿ ನೆನೆಸಿದೆವು. ಮೆಟ್ಟಿಲ ಮೇಲೆ ಕುಳಿತು ತಮಿಳರು, ತೆಲುಗರು, ಬಂಗಾಳಿಗಳು ಎಲ್ಲರೂ ತಿಂದರು. ಲೆಬನಾನಿನವರ ತಬೂಲೆಯೂ ಇದೇ ಜಾತಿಯದು. ಬೇಯಿಸಿ ಒಣಗಿಸಿ ಒಡೆದ ಗೋಧಿಯನ್ನು ನೆನೆಸಿ ಸೊಪ್ಪು, ಟೊಮ್ಯಾಟೊ, ನಿಂಬೆರಸ ಬೆರೆಸುತ್ತಾರೆ. ನಮ್ಮ ಅಂಗಡಿಯ ಸಾಧಾರಣ ಗೋಧಿನುಚ್ಚು ಹಸಿಯದು. ಬರಿದೆ ನೆನೆಸಿದರೆ ಸಾಲದು. ಅದಕ್ಕೆ ಬದಲಾಗಿ ನೆನೆಸಿದ ಹೆಸರುಬೇಳೆ ಹಾಕಿದರೆ, ಅದು ತಬೂಲೆಯೋ ಕೋಸಂಬರಿಯೋ ಎಂದು ಜಗಳವಾಡುತ್ತಲೇ ತಿನ್ನಬಹುದು.

ಹೊರಗಿನದನ್ನೆಲ್ಲ ಒಳಗೆ ತಂದರೆ ನಮ್ಮತನ ಉಳಿದೀತೇ ಎಂದು ಹಿರಿಯರೊಬ್ಬರು ನಮ್ಮನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ನಮ್ಮ ಉತ್ತರವಿಷ್ಟೆ. ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ. ಹನ್ನೆರಡನೆಯ ಶತಮಾನದ ಚಾಲುಕ್ಯ ಸೋಮೇಶ್ವರನ ಮಾನಸೋಲ್ಲಾಸವೂ ಅಂಥದೊಂದು ತಿಂಡಿಯನ್ನು ಹೇಳುತ್ತದೆ. ಆದರೆ ಅದು ಉದ್ದಿನ ತಿಂಡಿ. ಅಕ್ಕಿ ಬೆರೆತು ಹಬೆಯಲ್ಲಿ ಬೇಯುವ ಇಂದಿನ ಇಡ್ಲಿ ಆಮೇಲಿನದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆ ಇಡ್ಲಿಯನ್ನು ತಂದೆವೆಂದು ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನವರು ಹೇಳುತ್ತಾರೆ. ಪೋರ್ಚುಗೀಸರು ಬರುವ ತನಕ ಮೆಣಸಿನಕಾಯಿಯೇ ನಮಗೆ ಗೊತ್ತಿರಲಿಲ್ಲ. ಇನ್ನು ಈ ಊರಿನ ಮಾತು. ದಕ್ಷಿಣ ಕನ್ನಡದಿಂದ ಬಂದ ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದು, ಮದರಾಸಿನವರಿಗೆ ಉಡುಪಿಯ ರುಚಿ ಹತ್ತಿಸಿದರು. 1962ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ, ಕಾರಿನಲ್ಲೇ ಕುಳಿತು ತಿನ್ನುವಂಥ ಅವರ ಹೋಟೆಲು ಬಂತು. 2008ರಲ್ಲಿ ಅದು ಮುಚ್ಚಿ, ಆ ಜಾಗದಲ್ಲಿ ಈಗ ಉದ್ಯಾನವಿದೆ. ನಮ್ಮ ತಿಂಡಿಯನ್ನು ತಮಿಳರು ತಮ್ಮದಾಗಿಸಿಕೊಂಡರು. ಅದರಿಂದ ಅವರ ತಮಿಳು ಕೆಡಲಿಲ್ಲ. ಮಾಡುವಾಗ ಆಡುವ ಮಾತು ತಮಿಳಾಗಿಯೇ ಉಳಿಯಿತು. ನಾವೂ ಅಷ್ಟು ಮಾಡಿದರೆ ಸಾಕು.

ಆದ್ದರಿಂದ ಸಂಘದ ಮುಂದೆ ಒಂದು ಸಣ್ಣ ಸಲಹೆ. ಬರುವ ವರ್ಷದ ಕೂಟಕ್ಕೆ ಪ್ರತಿಯೊಂದು ಮನೆಯವರೂ ಯಾವ ದೇಶದ್ದಾದರೂ ಸರಿ, ಒಂದು ತಿಂಡಿಯನ್ನು ಕೈಯಾರೆ ಮಾಡಿ ತರಲಿ. ಜೊತೆಗೆ ಮಾಡುವ ವಿಧಾನವನ್ನು ಕನ್ನಡದಲ್ಲಿ ಬರೆದ ಒಂದು ಚೀಟಿ ಇರಲಿ. ಬರೆಯುವ ಕೈ ಮನೆಯ ಮಗುವಿನದಾಗಿರಲಿ. ತಪ್ಪು ಒಪ್ಪುಗಳನ್ನು ಅಜ್ಜ ಅಜ್ಜಿಯರು ತಿದ್ದಲಿ.

ನಮ್ಮ ಮನೆಯಲ್ಲಿ ಎಲ್ಲವೂ ಸರಿಹೋಯಿತೆಂದು ಹೇಳುವುದಿಲ್ಲ. ಮಗಳು ಗೆಳತಿಯರೊಡನೆ ಇನ್ನೂ ತಮಿಳು, ಇಂಗ್ಲಿಷುಗಳನ್ನೇ ಆಡುತ್ತಾಳೆ. ತಾಯಿಯವರು ಊರಿಗೆ ಹೋಗುವ ಮಾತನ್ನೂ ಬಿಟ್ಟಿಲ್ಲ. ಆದರೆ ಈಗ ಆ ಮಾತು ಬಂದಾಗಲೆಲ್ಲ, “ಈ ಭಾನುವಾರದ್ದು ಕಳೀಲಿ, ನೋಡೋಣ” ಎನ್ನುತ್ತಾರೆ.

ಇಂದಿನ ಉಪಾಹಾರದಲ್ಲಿರುವ ಅಲಸಂದೆ ವಡೆ ಅವರಿಬ್ಬರ ಕೈಯದು. ತಣ್ಣಗಾದರೆ ರುಚಿ ಕಡಮೆ. ಆದಕಾರಣ ನಮ್ಮ ಮಾತನ್ನು ಇಲ್ಲಿಗೆ ಮುಗಿಸುತ್ತೇವೆ.