ತೋಟಕ್ಕೆ ನುಗ್ಗಿದ ದನ ಮತ್ತು ಕಾನೂನಿನ ಶಿಕ್ಷೆ



ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ದನಗಳನ್ನು ಬೆಟ್ಟಕ್ಕೆ ಬಿಟ್ಟು ಮೇಯಿಸುವುದು ಹಿಂದಿನಿಂದ ಬಂದ ರೂಢಿ. ಮಲೆನಾಡು ಗಿಡ್ಡ ಸಣ್ಣ ಮೈಯ ತಳಿ. ಬೇಲಿಯ ಸಂದಿಯಲ್ಲಿ ನುಸುಳುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ. ಎಳೆಯ ಅಡಿಕೆ ಸಸಿಗಳು ಒಂದೇ ರಾತ್ರಿಯಲ್ಲಿ ಹಾಳಾದರೆ ಬೆಳೆದವನ ಹೊಟ್ಟೆ ಉರಿಯುವುದು ಸಹಜವೇ. ಆದರೆ ಆ ಸಿಟ್ಟಿನಲ್ಲಿ ಬೀಸಿದ ಕತ್ತಿ, ಇಟ್ಟ ವಿಷ, ಎರಚಿದ ಆಸಿಡ್ ತನ್ನನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದು ಅನೇಕರಿಗೆ ತಿಳಿದಿಲ್ಲ.

ದನಕ್ಕೆ ಏನು ಮಾಡಿದರೂ ಐವತ್ತು ರೂಪಾಯಿ ದಂಡದಲ್ಲಿ ಮುಗಿಯಿತು ಎಂದು ನಂಬಿದವರುಂಟು. ಈ ನಂಬಿಕೆಗೆ ಕಾರಣವಿದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನಂತೆ ಹೊಡೆದು ಹಿಂಸಿಸುವುದು, ಮಿತಿಮೀರಿ ಹೇರುವುದು, ಮೇವು ನೀರು ಕೊಡದಿರುವುದು ಇವಕ್ಕೆ ಮೊದಲ ಸಲ 10ರಿಂದ 50 ರೂಪಾಯಿ ದಂಡ ಮಾತ್ರ. ಮೂರು ವರ್ಷದೊಳಗೆ ಮತ್ತೆ ತಪ್ಪಿದರೆ 25ರಿಂದ 100 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಆ ಕಾಲಕ್ಕೆ ಐವತ್ತು ರೂಪಾಯಿ ಸಣ್ಣ ಮೊತ್ತವಲ್ಲ. ಇಂದು ಅದರಲ್ಲಿ ಒಂದು ಬುಟ್ಟಿ ಹಿಂಡಿಯೂ ಬಾರದು.

ಕಡಿದು ಊನ ಮಾಡಿದರೆ ಅಥವಾ ವಿಷವಿಟ್ಟು ಕೊಂದರೆ ಲೆಕ್ಕವೇ ಬೇರೆ. ಹಳೆಯ ಭಾರತೀಯ ದಂಡ ಸಂಹಿತೆಯ 429ನೆಯ ಕಲಮಿನಲ್ಲಿ ದನ, ಎಮ್ಮೆಗಳ ವಿಷಯಕ್ಕೆ ಐದು ವರ್ಷದವರೆಗೆ ಸೆರೆಯಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮು ಪ್ರಾಣಿ ಯಾವುದೇ ಇರಲಿ, ಅದರ ಬೆಲೆ ಎಷ್ಟೇ ಇರಲಿ, ಐದು ವರ್ಷದವರೆಗೆ ಸೆರೆ, ಇಲ್ಲವೇ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ನಾಯಿಗೆ ವಿಷ ಹಾಕಿದವನಿಗೂ ಇದೇ ಕಲಮು.

ಕಾಡುಹಂದಿಗೆಂದು ಇಡುವ ಉರುಳು, ಸಿಡಿಮದ್ದುಗಳ ಮಾತು ಇನ್ನೂ ಕಠಿಣ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಉರುಳು ಹಾಕುವುದೂ ಬೇಟೆಯೇ. ಸಿಡಿಮದ್ದಿಗೆ ಬಾಯಿ ಹಾಕಿದ ಹಸುವಿನ ದವಡೆ ಒಡೆಯುತ್ತದೆ. ಮೇವು ನೀರು ಮುಟ್ಟಲಾರದೆ ಅದು ದಿನಗಟ್ಟಲೆ ನರಳಿ ಸಾಯುತ್ತದೆ. ಆ ಹಸು ಮದ್ದು ಇಟ್ಟವನ ಕೊಟ್ಟಿಗೆಯದೇ ಆಗಿರಬಹುದು!

ಹಾಗಾದರೆ ಬೆಳೆ ಕಳೆದುಕೊಂಡವನು ಸುಮ್ಮನಿರಬೇಕೇ? ಬೇಕಿಲ್ಲ. ತುಡುಗು ದನವನ್ನು ಹಿಡಿದು ದೊಡ್ಡಿಗೆ ಹೊಡೆಯುವ ಹಕ್ಕನ್ನು ಕಾನೂನು ಅವನಿಗೆ ಕೊಟ್ಟಿದೆ. ಒಡೆಯನು ದಂಡ ಕಟ್ಟಿಯೇ ಬಿಡಿಸಿಕೊಳ್ಳಬೇಕು. ದೊಡ್ಡಿಯ ಗೋಡೆ ಬಿದ್ದುಹೋದ ಊರುಗಳಲ್ಲಿ ಗ್ರಾಮ ಪಂಚಾಯತಿಗೆ ಅರ್ಜಿ ಕೊಟ್ಟು ಅದನ್ನು ಎತ್ತಿಸಿಕೊಳ್ಳುವುದು ಒಳಿತು.

ದನದ ಒಡೆಯನೂ ಪೂರ್ತಿ ನಿರಪರಾಧಿಯಲ್ಲ. ಗೊಡ್ಡು ಬಿದ್ದ ಹಸುವನ್ನು ಪೇಟೆಯ ರಸ್ತೆಯಲ್ಲಿ ಉಪವಾಸ ಬೀಳುವಂತೆ ಬಿಟ್ಟುಬರುವುದು ಅದೇ 11ನೆಯ ಕಲಮಿನ ಅಪರಾಧ.

ದನಕ್ಕೆ ಗಾಯವಾದರೆ ಕೂಡಲೇ ಪಶುವೈದ್ಯರಿಗೆ ತೋರಿಸಿ ಗಾಯದ ಬಗೆಯನ್ನು ಬರೆಯಿಸಿಕೊಂಡು ಠಾಣೆಗೆ ದೂರು ಕೊಡಬೇಕು. 1960ರ ಕಾಯಿದೆಯ ಮೊಕದ್ದಮೆಯನ್ನು ಘಟನೆಯಾದ ಮೂರು ತಿಂಗಳೊಳಗೆ ಹೂಡದಿದ್ದರೆ ಅದು ನಿಲ್ಲುವುದಿಲ್ಲ. ಗಾಯ ತೊಳೆದು ಅರಿಸಿನ ಮೆತ್ತುವ ಮೊದಲೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.